ಮಿದುಳಿನ ತರಂಗವೂ ಕನ್ನಡದ ಅಕ್ಷರವೂ

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಒಂದೇ ವಾಕ್ಯವನ್ನು ನುಡಿಯುವನೆಂಬುದು ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಜನರೆಲ್ಲರೂ ಬಲ್ಲ ಸಂಗತಿ. ಆ ಕಾರಣಿಕವನ್ನು ರೈತನು ಮಳೆಬೆಳೆಗೆ ಅನ್ವಯಿಸುವನು. ರಾಜಕಾರಣಿಯು ಗದ್ದುಗೆಗೆ ಅನ್ವಯಿಸುವನು. ನುಡಿ ಒಬ್ಬನದು, ಅರ್ಥ ಕೇಳಿದವರದು. ಜಾತ್ರೆಯಲ್ಲಿ ಇದರಿಂದ ಬಾಧಕವೇನೂ ಇಲ್ಲ. ಆದರೆ ನಾಲಗೆಯೂ ಕೈಕಾಲುಗಳೂ ಸ್ವಾಧೀನ ತಪ್ಪಿ, ಬುದ್ಧಿಯೊಂದೇ ಎಚ್ಚತ್ತಿರುವ ರೋಗಿಯ ಮನಸ್ಸನ್ನು ಪಕ್ಕದವರು ತಮಗೆ ತೋಚಿದಂತೆ ಅರ್ಥಮಾಡಿಕೊಂಡರೆ, ಬಾಯಾರಿದವನಿಗೆ ಕಂಬಳಿ ದೊರೆಯುವುದು. ಅಂತಹವನ ಅಭಿಪ್ರಾಯವನ್ನು ಮಿದುಳಿನಿಂದಲೇ ಓದಿಕೊಳ್ಳುವ ಯತ್ನದ ಚರಿತ್ರೆಯು ಈಗ ಒಂದೂವರೆ ಶತಮಾನದಷ್ಟು ದೀರ್ಘವಾಗಿದೆ.

1875ರಲ್ಲಿ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬ ವೈದ್ಯನು ಮೊಲ ಮತ್ತು ಕೋತಿಗಳ ಮಿದುಳಿನಲ್ಲಿ ವಿದ್ಯುತ್ ಪ್ರವಾಹವುಂಟೆಂದು ತೋರಿಸಿದನು. ಮನುಷ್ಯನಲ್ಲಿ ಅದನ್ನು ಮೊದಲು ದಾಖಲಿಸಿದವನು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್. ತಾರುಣ್ಯದಲ್ಲಿ ಸೈನ್ಯದಲ್ಲಿದ್ದಾಗ ಅವನು ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಬದುಕಿಕೊಂಡನು. ದೂರದಲ್ಲಿದ್ದ ಸೋದರಿಗೆ ಅಂದೇ ಕಾರಣವಿಲ್ಲದ ಕಳವಳವುಂಟಾಗಿ, ಮನೆಯಿಂದ ತಂತಿ ಬಂದಿತು. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹರಿಯುವ ಬಗೆಯನ್ನು ಕಾಣಬೇಕೆಂಬ ಹಟ ಅಲ್ಲಿಂದ ಹುಟ್ಟಿತು. ಹುಡುಕಿದ್ದು ಸಿಕ್ಕಲಿಲ್ಲ, 1924ರಲ್ಲಿ ಸಿಕ್ಕಿದ್ದು ನೆತ್ತಿಯ ಮೇಲಿನ ಅತಿ ಸೂಕ್ಷ್ಮ ತರಂಗಗಳು. 1929ರಲ್ಲಿ ಪ್ರಕಟಿಸಿದಾಗ ನಂಬಿದವರು ವಿರಳ. 1934ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಸಮರ್ಥಿಸಿದ ಮೇಲೆಯೇ ಲೋಕವು ಒಪ್ಪಿತು.

ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೂರ್ಛೆರೋಗದ ಪರೀಕ್ಷೆಗೆ ತೆಗೆಯುವ ತರಂಗಲೇಖ ಇದರ ಸಂತತಿಯೇ. ಆ ಸಂಸ್ಥೆಯು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆದುದು.

ತರಂಗದಿಂದ ಯಂತ್ರವನ್ನು ನಡೆಸಬಹುದೆಂಬ ಯೋಜನೆಯನ್ನು 1973ರಲ್ಲಿ ಲಾಸ್ ಏಂಜಲೀಸಿನ ಝಾಕ್ ವಿದಾಲ್ ಮುಂದಿಟ್ಟನು. 1988ರಲ್ಲಿ ಫಾರ್ವೆಲ್ ಮತ್ತು ಡಾನ್ಚಿನ್ ಎಂಬವರು 36 ಮನೆಗಳ ಚೌಕದಲ್ಲಿ ರೋಮನ್ ಅಕ್ಷರಗಳನ್ನಿಟ್ಟು, ಸಾಲುಗಳನ್ನೂ ಕಂಬಗಳನ್ನೂ ಸರದಿಯಂತೆ ಮಿನುಗಿಸಿದರು. ಬೇಕಾದ ಅಕ್ಷರ ಮಿನುಗಿದೊಡನೆ, ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ, ಮಿದುಳಿನಲ್ಲಿ ಒಂದು ಅಲೆ ಏಳುವುದು. ಯಂತ್ರವು ಅದನ್ನು ಹಿಡಿಯುವುದು. ವೇಗವು ನಿಮಿಷಕ್ಕೆ ಎರಡು ಅಕ್ಷರಕ್ಕಿಂತ ತುಸು ಹೆಚ್ಚು.

ಕನ್ನಡದ 49 ವರ್ಣಗಳು ಆ ಚೌಕದಲ್ಲಿ ಹಿಡಿಸವು. ಏಳೇಳರ ಚೌಕದಲ್ಲಿ ಸರಿಯಾಗಿ ಹಿಡಿಸುವುವಾದರೂ, ಒತ್ತಿಗೂ ಪದಗಳ ನಡುವಣ ತೆರಪಿಗೂ ಮನೆ ಉಳಿಯದು. ಕಾಗುಣಿತದ ತೊಡಕು ಮಾತ್ರ ಆಗಲೇ ಬಗೆಹರಿದಿದೆ: ಕೆ. ಪಿ. ರಾವ್ ಅವರ ಕೀಲಿಮಣೆಯಲ್ಲಿ ವ್ಯಂಜನದ ಮುಂದೆ ಸ್ವರವನ್ನೊತ್ತಿದರೆ ಗುಣಿತಾಕ್ಷರವು ತಾನಾಗಿ ಮೂಡುವುದಷ್ಟೆ. ಆ ಕ್ರಮದಂತೆ ‘ನೀರು’ ಎನ್ನಲು ನಾಲ್ಕು ಆಯ್ಕೆಗಳು ಸಾಕು. ಮೇಲಿನ ವೇಗದಲ್ಲಿ ಸುಮಾರು ಒಂದೂಮುಕ್ಕಾಲು ನಿಮಿಷ. ಬಾಯಾರಿದವನಿಗೆ ಅದು ಸಣ್ಣ ಕಾಲವಲ್ಲ.

2021ರಲ್ಲಿ ಸ್ಟ್ಯಾನ್‌ಫರ್ಡಿನ ಕೃಷ್ಣ ಶೆಣೈ ಮೊದಲಾದವರು, ರೋಗಿಯು ಮನಸ್ಸಿನಲ್ಲೇ ಬರೆದ ಕೈಬರಹವನ್ನು ನಿಮಿಷಕ್ಕೆ 90 ಅಕ್ಷರಗಳಂತೆ ಓದಿಸಿದರು. ಆದರೆ ಅದಕ್ಕೆ ತಲೆಬುರುಡೆಯನ್ನು ತೆರೆದು ವಿದ್ಯುದ್ವಾರಗಳನ್ನು ನೆಡಬೇಕಾಯಿತು, ಅಕ್ಷರಗಳೂ ರೋಮನ್ನಿನವೇ. ಶಸ್ತ್ರವಿಲ್ಲದೆ, ನೆತ್ತಿಯ ತರಂಗಗಳಿಂದಲೇ ಒಳಮಾತನ್ನು ಅರಿಯುವ ವಿಷಯವಾಗಿ ಅದೇ ವರ್ಷ ವಿಸ್ತಾರವಾದ ಸಮೀಕ್ಷೆಯನ್ನು ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಮತ್ತು ಜೆರಿನ್ ಥಾಮಸ್ ಪನಚಕ್ಕೆಲ್. ಕನ್ನಡದ ಅಚ್ಚನ್ನು ಓದುವ, ಕನ್ನಡವನ್ನು ಗಟ್ಟಿಯಾಗಿ ನುಡಿಯುವ ಯಂತ್ರವಿಧಾನಗಳನ್ನು ರೂಪಿಸಿದುದೂ ರಾಮಕೃಷ್ಣನ್ ಅವರ ಪ್ರಯೋಗಶಾಲೆಯೇ. ಓದುವುದೂ ನುಡಿಯುವುದೂ ಕೈಗೂಡಿದ ಕಡೆ ನಡುವಣ ಕೊಂಡಿಗಾಗಿ ಹುಡುಕುವುದು ಸಹಜವೇ ಸರಿ. ಸದ್ಯಕ್ಕೆ ನೆತ್ತಿಯ ತರಂಗಗಳಿಂದ ಬೇರ್ಪಡಿಸಬಲ್ಲವು ಕೆಲವೇ ಪದಗಳು.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳ ಮನೆಗಳಲ್ಲಿ ಇಂತಹ ರೋಗಿಯಿದ್ದರೆ, ಕಣ್ಣುರೆಪ್ಪೆ ಆಡುತ್ತಿರುವವರೆಗೆ ಯಂತ್ರವಿಲ್ಲದೆಯೂ ಒಂದು ಉಪಾಯವುಂಟು. ವರ್ಗೀಯ ವ್ಯಂಜನಗಳು ಐದೈದರ ಚೌಕವಾಗಿಯೇ ಜೋಡಿಸಲ್ಪಟ್ಟಿವೆ. ಅಮೆರಿಕದ ಯಂತ್ರವು ಮಿನುಗಿಸಿದ ಸಾಲುಕಂಬಗಳು ಮಗ್ಗಿಯೊಡನೆ ಕಲಿತ ಪಾಠದಲ್ಲಿಯೇ ಇವೆ. ಬಂಧುವೊಬ್ಬನು ಕವರ್ಗ, ಚವರ್ಗ, ಟವರ್ಗ ಎಂದು ಹೇಳುತ್ತ ಹೋಗುವನು. ರೋಗಿಯು ರೆಪ್ಪೆ ಮುಚ್ಚಿದ ವರ್ಗದಲ್ಲಿ ನಿಂತು, ಅದರ ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುವನು. ರೆಪ್ಪೆ ಮತ್ತೆ ಮುಚ್ಚಿದಾಗ ಬರೆದುಕೊಳ್ಳುವನು. ಪದ ಮುಗಿದ ಬಳಿಕ ಗಟ್ಟಿಯಾಗಿ ಓದಿ, ಇದೇ ಹೌದೇ ಎಂದು ರೋಗಿಯನ್ನೇ ಕೇಳುವನು.