ಕಡಲ ಕರೆಯ ಚಿನ್ನದೊಡವೆಗಳು

ಭಟ್ಕಳ, ಹೊನ್ನಾವರ, ಕುಮಟಾ ಎಂಬ ಈ ಮೂರು ಬಂದರುಗಳ ನಾಡು ಚಿನ್ನದ ಗಣಿಗಳ ನಾಡಲ್ಲ. ಹೊನ್ನಾವರದ ಹೆಸರಿನಲ್ಲಿ ಹೊನ್ನೆಂಬ ಶಬ್ದವು ಕೇಳಿಸಿದರೂ, ಹೆಸರಿನ ಧ್ವನಿಯಿಂದ ಗಣಿ ಹುಟ್ಟುವುದಿಲ್ಲ. ಕನ್ನಡನಾಡಿನ ಚಿನ್ನವು ಘಟ್ಟದ ಮೇಲೆ ಬಹುದೂರದಲ್ಲಿರುವ ಹಟ್ಟಿ, ಕೋಲಾರಗಳದು. ಅವುಗಳಲ್ಲಿ ಕೋಲಾರದ ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ಹಾಗಿದ್ದರೂ ಈ ಕರಾವಳಿಯ ಸ್ತ್ರೀಯರ ಮೈಮೇಲೆ ಶತಮಾನಗಳಿಂದ ಚಿನ್ನವು ಮೆರೆದುಬಂದಿದೆ. ಅದು ಎಲ್ಲಿಂದ ಬಂದಿತು, ಯಾರ ಕೈಯಲ್ಲಿ ಒಡವೆಯಾಯಿತು, ಅದರ ಮೇಲಣ ಮೋಹವು ಏಕೆ ಅಳಿಯಲಿಲ್ಲ ಎಂಬುದು ಕೇವಲ ಶೃಂಗಾರದ ವಿಷಯವಲ್ಲ. ಈ ಪ್ರಾಂತದ ವ್ಯಾಪಾರ ಮತ್ತು ಮನೆತನಗಳ ಚರಿತ್ರೆಯೇ ಅದರಲ್ಲಿ ಅಡಗಿರುವುದು.

ಈ ವಿಷಯದಲ್ಲಿ ದೊರೆಯುವ ಬೆಲೆಯುಳ್ಳ ಸಾಕ್ಷ್ಯವೊಂದು ಪರದೇಶೀಯನದು. ಮೊರೊಕ್ಕೊ ದೇಶದ ಪ್ರವಾಸಿಯಾದ ಇಬ್ನ್ ಬತೂತನು ೧೩೪೨ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದನು. ಅಲ್ಲಿ ಗಂಡುಮಕ್ಕಳಿಗಾಗಿ ೨೩, ಹೆಣ್ಣುಮಕ್ಕಳಿಗಾಗಿ ೧೩ ಪಾಠಶಾಲೆಗಳನ್ನು ಕಂಡು ಅವನು ಬೆರಗಾದನು. ಅಲ್ಲಿನ ಸ್ತ್ರೀಯರು ಹೊಲಿಗೆಯಿಲ್ಲದ ವಸ್ತ್ರಗಳನ್ನು ಉಡುವರೆಂದೂ, ಒಬ್ಬೊಬ್ಬಳೂ ಮೂಗಿನಲ್ಲಿ ಚಿನ್ನದ ಉಂಗುರವನ್ನು ಧರಿಸುವಳೆಂದೂ ಅವನು ಬರೆದಿಟ್ಟಿದ್ದಾನೆ. ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ಮೂಗಿನ ಆಭರಣದ ಪ್ರಾಚೀನತೆಯನ್ನು ಶೋಧಿಸಿ, ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಅದರ ಸುಳಿವಿಲ್ಲವೆಂದೂ, ಸುಮಾರು ಕ್ರಿ. ಶ. ೧೦೦೦ದ ತರುವಾಯವೇ ಅದು ಬಳಕೆಗೆ ಬಂದಿತೆಂದೂ ವಾದಿಸಿದರು. ಈ ವಾದವನ್ನು ಒಪ್ಪುವುದಾದರೆ, ಇಂದು ಅನಾದಿಯೆಂದು ತೋರುವ ಮೂಗುತಿಯು ಒಂದು ಕಾಲದಲ್ಲಿ ಹೊಸ ಬೆಡಗಾಗಿತ್ತು. ಜನವು ಮೆಚ್ಚಿ ಉಳಿಸಿಕೊಂಡ ಹೊಸತೇ ಸಂಪ್ರದಾಯವಾಗುವುದೆಂಬುದಕ್ಕೆ ಇದಕ್ಕಿಂತ ಚಿಕ್ಕ ದೃಷ್ಟಾಂತವು ಬೇಡ.

ಚಿನ್ನವು ಬಂದದ್ದು ಕಡಲಿನಿಂದ ಮತ್ತು ಘಟ್ಟದ ದಾರಿಯಿಂದ. ವಿಜಯನಗರದ ಕಾಲದಲ್ಲಿ ಭಟ್ಕಳವು ಹೆಸರಾಂತ ಬಂದರಾಗಿತ್ತು. ಹೊರ್ಮುಜಿನಿಂದ ಕುದುರೆಗಳೂ ಮುತ್ತುಗಳೂ ಅಲ್ಲಿಗೆ ಬರುತ್ತಿದ್ದುವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಅಲ್ಲಿಂದ ಹೋಗುತ್ತಿದ್ದುವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದೇ ಕರೆದರು. ಮೆಣಸನ್ನು ಕೊಳ್ಳುವವನು ನಾಣ್ಯವನ್ನು ತರಲೇಬೇಕಷ್ಟೆ. ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ ತನ್ನ ದೇಶದ ಹಣವು ಭಾರತಕ್ಕೆ ಹರಿದುಹೋಗುತ್ತಿರುವುದೆಂದು ಮರುಗಿದ್ದನು.

ಈ ಹರಿವಿನ ಗುರುತು ಒಡವೆಗಳ ಹೆಸರಿನಲ್ಲಿಯೇ ಉಳಿದಿದೆ. ಪುತಳಿ ಸರದ ‘ಪುತಳಿ’ಯು ಮೂಲದಲ್ಲಿ ವೆನಿಸ್ ನಗರದ ಡುಕಾಟ್ ನಾಣ್ಯ. ೧೨೮೪ರಿಂದ ೧೭೯೭ರಲ್ಲಿ ಆ ಗಣರಾಜ್ಯವು ಅಳಿಯುವವರೆಗೂ, ತೂಕವು ಸುಮಾರು ಮೂರೂವರೆ ಗ್ರಾಂ, ಚಿನ್ನವು ಬಹುಮಟ್ಟಿಗೆ ಅಪ್ಪಟ ಎಂಬ ಕಟ್ಟಳೆಯನ್ನು ಆ ನಗರವು ಬಿಡಲಿಲ್ಲ. ನಾಣ್ಯದ ಮೇಲೆ ನಿಂತಿರುವ ಸಂತ ಮಾರ್ಕನೂ, ಅವನೆದುರು ಮಂಡಿಯೂರಿದ ಡೋಜನೂ ಇಲ್ಲಿಯವರ ಕಣ್ಣಿಗೆ ಬರಿಯ ಪುತ್ತಳಿಗಳಾದರು. ಹೀಗೆ ಕ್ರೈಸ್ತ ಸಂತನ ಮುದ್ರೆಯು ಹಿಂದೂ ಗೃಹಿಣಿಯ ಕೊರಳನ್ನೇರಿತು. ಅದನ್ನು ಯಾರೂ ವಿಚಿತ್ರವೆಂದು ಎಣಿಸಲಿಲ್ಲ. ಮುಂದೆ ಆಂಗ್ಲರ ಸವರಿನ್ನು ಬಂದು ‘ಪವನು’ ಎನಿಸಿತು. ಅದರ ತೂಕವು ೮ ಗ್ರಾಮಿಗೆ ಕೂದಲೆಳೆಯಷ್ಟು ಕಡಮೆ. ಆ ಆಳಿಕೆಯು ಹೋಗಿ ತಲೆಮಾರುಗಳು ಕಳೆದರೂ ಕರಾವಳಿಯ ಮನೆಗಳು ಮದುವೆಯ ಚಿನ್ನವನ್ನು ಪವನಿನಲ್ಲಿಯೇ ಎಣಿಸುವುವು.

ಕುಮಟೆಗೆ ಸಿರಿ ಬಂದದ್ದು ಹತ್ತಿಯಿಂದ. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಈ ಬಂದರಿನಲ್ಲಿ ಹಡಗನ್ನೇರುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ನಿಂತಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿನ ಹತ್ತಿಯು ನಿಂತಾಗ ಇಲ್ಲಿನ ಬೆಲೆಯು ಗಗನಕ್ಕೇರಿತು. ಆದರೆ ೧೮೮೦ರ ದಶಕದ ಕೊನೆಯಲ್ಲಿ ರೈಲುದಾರಿಯು ಮುರ್ಮಗೋವೆಯನ್ನು ಮುಟ್ಟಲು, ಹತ್ತಿಯು ಆ ಕಡೆಗೆ ತಿರುಗಿತು. ಬಂದರಿನ ಭಾಗ್ಯವು ಹೀಗೆ ಬಂದು ಹೋಗುವಂಥದು. ಭೂಮಿಯನ್ನು ಹೊತ್ತುಕೊಂಡು ಹೋಗಲಾಗದು, ಉಗ್ರಾಣದ ಸರಕು ಕೆಡುವುದು. ಚಿನ್ನವೊಂದೇ ಗಂಟಿನಲ್ಲಿ ಅಡಗಿ ಒಡೆಯನೊಡನೆ ನಡೆಯುವುದು. ೧೫೪೨ರಲ್ಲಿ ಪೋರ್ತುಗೀಜರು ಸುಟ್ಟು ಸೂರೆಗೈದ ಭಟ್ಕಳದಂತಹ ಊರಿನ ಜನಕ್ಕೆ ಈ ಪಾಠವನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಬಂದ ಚಿನ್ನವನ್ನು ಒಡವೆಯಾಗಿಸಿದವರಲ್ಲಿ ಕೊಂಕಣಿ ಮಾತಾಡುವ ದೈವಜ್ಞ ಕುಲದವರು ಮುಖ್ಯರು. ಪೋರ್ತುಗೀಜರ ಆಳಿಕೆಯಲ್ಲಿ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ ಅನೇಕ ಮನೆತನಗಳೊಡನೆ ಅವರೂ ಬಂದರು. ಇಂದು ಅವರ ಮಠವೊಂದು ಹೊನ್ನಾವರದ ಬಳಿಯ ಕರ್ಕಿಯಲ್ಲಿರುವುದು. ಅಗ್ಗಿಷ್ಟಿಕೆ, ಊದುಗೊಳವೆ, ಚಿಮ್ಮಟ, ಅಚ್ಚು, ಒರೆಗಲ್ಲು, ತಕ್ಕಡಿ ಇಷ್ಟೇ ಅಕ್ಕಸಾಲಿಯ ಸಂಪತ್ತು. ಕಾಯಿಸಿ ಬಡಿದು ತಗಡಾಗಿಸುವುದು, ಎಳೆದು ಕಂಬಿಯಾಗಿಸುವುದು, ಬಿಳಿಗಾರವನ್ನಿಟ್ಟು ಬೆಸೆಯುವುದು, ಟೊಳ್ಳು ಒಡವೆಗೆ ಅರಗನ್ನು ತುಂಬುವುದು ಇವೆಲ್ಲವೂ ಉಸಿರು ಮತ್ತು ಕಣ್ಣುಗಳ ಕೆಲಸ. ತೂಕಕ್ಕೆ ಗುಲಗಂಜಿಯ ಬೀಜವೇ ಆಧಾರ; ತೊಂಬತ್ತಾರು ಗುಲಗಂಜಿಗೆ ಒಂದು ತೊಲೆ. ಅಕ್ಕಸಾಲಿಯು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯುಂಟು. ಆದರೂ ಅಂತಹ ಗಾದೆಯನ್ನು ನುಡಿದ ಜನವೇ ತಲೆತಲಾಂತರದಿಂದ ಮನೆಯ ಚಿನ್ನವನ್ನು ಒಂದೇ ಮನೆತನದ ಅಕ್ಕಸಾಲಿಯ ಕೈಗೆ ಒಪ್ಪಿಸಿತು. ಗಾದೆಗಿಂತ ರೂಢಿಯೇ ಇಲ್ಲಿ ಹೆಚ್ಚಿನ ಸಾಕ್ಷಿ.

ಆ ನಂಬಿಕೆಯ ಬಾಳಿಗೆ ದೊಡ್ಡ ಪೆಟ್ಟು ಬಿದ್ದದ್ದು ೧೯೬೩ರ ಜನವರಿಯಲ್ಲಿ. ಹಣಕಾಸು ಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣದ ನಿಯಮಗಳು, ೧೪ ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆಗಳನ್ನು ಮಾಡಕೂಡದೆಂದು ವಿಧಿಸಿದುವು. ೨೪ ಪಾಲಿನಲ್ಲಿ ೨೨ ಪಾಲು ಚಿನ್ನವನ್ನು ಬಯಸುವ ಜನಕ್ಕೆ ೧೪ ಪಾಲಿನ ಒಡವೆಯು ರುಚಿಸಲಿಲ್ಲ. ದೇಶದಾದ್ಯಂತ ಅಸಂಖ್ಯ ಅಕ್ಕಸಾಲಿಗಳು ಕೆಲಸವನ್ನು ಕಳೆದುಕೊಂಡರು. ೧೯೬೬ರಲ್ಲಿ ಆ ಮಿತಿಯು ಸಡಿಲವಾಯಿತು. ಬಳಿಕ ಬಂದ ೧೯೬೮ರ ಕಾಯಿದೆಯು ೧೯೯೦ರಲ್ಲಿ ರದ್ದಾಯಿತು. ಆದರೆ ಒಮ್ಮೆ ಮುರಿದ ಕಸುಬಿನ ಸರಪಳಿಯು ಸುಲಭವಾಗಿ ಬೆಸೆಯುವುದಿಲ್ಲ. ಮಗನನ್ನು ಬೇರೆ ಉದ್ಯೋಗಕ್ಕೆ ಕಳುಹಿದ ತಂದೆಯು ಅವನನ್ನು ಪುನಃ ಅಗ್ಗಿಷ್ಟಿಕೆಯ ಮುಂದೆ ಕೂರಿಸುವುದು ಕಷ್ಟ. ಈಗ ಯಂತ್ರದ ಒಡವೆಯೂ, ಶುದ್ಧತೆಗೆ ೨೦೨೧ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆಯೂ ಬಂದಿವೆ. ಮುದ್ರೆಯು ಚಿನ್ನವನ್ನು ಸಾರುವುದು, ಕೈಯನ್ನು ಸಾರಲಾರದು.

ದೂರದ ವೇಲ್ಸ್ ಪ್ರಾಂತದ ಚಿನ್ನವನ್ನು ಇಲ್ಲಿ ನೆನೆಯಬಹುದು. ಅಲ್ಲಿನ ಗಣಿಗಳಲ್ಲಿ ದೊರೆತದ್ದು ಅತ್ಯಲ್ಪ. ಆದುದರಿಂದಲೇ ಅದಕ್ಕೆ ಮಾನ. ೧೯೨೩ರಿಂದ ಆಂಗ್ಲ ರಾಜವಂಶದ ಮದುವೆಗಳಲ್ಲಿ ಅಲ್ಲಿಯ ಕ್ಲೋಗೌ ಗಣಿಯ ಚಿನ್ನದ ಉಂಗುರವು ರೂಢಿಯಾಯಿತು. ಅಲ್ಲಿ ಒಡವೆಯ ಹಿರಿಮೆಯು ನೆಲದಿಂದ ಬಂದಿತು. ಇಲ್ಲಿ ನೆಲವು ಕೊಟ್ಟದ್ದಿಲ್ಲ; ಕೊಟ್ಟವರು ಮನೆಯ ಹಿರಿಯರು. ಸ್ತ್ರೀಗೆ ಆಸ್ತಿಯ ಹಕ್ಕು ಸಂಕುಚಿತವಾಗಿದ್ದ ಕಾಲದಲ್ಲಿಯೂ ತವರಿನಿಂದ ಬಂದ ಒಡವೆಯು ಆಕೆಯ ಸ್ತ್ರೀಧನವೆನಿಸಿತು. ಹಿಂದೂ ಸ್ತ್ರೀಯ ಆಸ್ತಿಗೆ ಕಾಯಿದೆಯು ಪೂರ್ಣ ಸ್ವಾಮ್ಯವನ್ನಿತ್ತದ್ದು ೧೯೫೬ರಲ್ಲಿ. ಭಟ್ಕಳದ ನವಾಯತ ಮನೆಗಳಲ್ಲಿಯೂ ವಧುವಿಗೆ ಸಲ್ಲುವ ಮಹರು ಧರ್ಮಶಾಸ್ತ್ರದಂತೆ ಆಕೆಯದೇ. ಕಷ್ಟಕಾಲದಲ್ಲಿ ಗಂಡಸರ ಲೆಕ್ಕಪತ್ರಗಳು ಸೋತಲ್ಲಿ, ಆಕೆ ಬಿಚ್ಚಿಕೊಟ್ಟ ಬಳೆಯು ಮಗನ ಓದನ್ನು ನಡೆಸಿದುದುಂಟು. ಒಡವೆಯ ಮೋಹವನ್ನು ಹೆಣ್ಣಿನ ಚಾಪಲ್ಯವೆಂದು ನಗುವವರು ಇದನ್ನು ಮರೆಯಬಾರದು.

ಆದರೆ ಚಿನ್ನದ ಗುಣವೇ ಒಡವೆಯ ಮೃತ್ಯು. ಕರಗಿಸಿದರೂ ಬೆಲೆ ಕೆಡದುದರಿಂದ, ಅಜ್ಜಿಯ ಬುಗುಡಿಯು ತಾಯಿಯ ಪಾಟಲಿಯಾಗಿ, ಮೊಮ್ಮಗಳ ತೆಳುವಾದ ಸರವಾಗಿ ಮಾರ್ಪಡುವುದು. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯವನು ೧೬೨೩ರಲ್ಲಿ ಗೇರುಸೊಪ್ಪೆಯ ಅರಮನೆಯು ಹಾಳಾಗಿ ಮರಗಳು ಬೆಳೆದಿದ್ದುದನ್ನು ಕಂಡನು. ಅರಮನೆಯು ಅಳಿದರೆ ಹಾಳಾದರೂ ಉಳಿಯುವುದು; ಒಡವೆಯು ಅಳಿದರೆ ಹಾಳು ಸಹ ಉಳಿಯದು. ಕರಗಿಸುವ ಅಗತ್ಯವು ಬಂದ ಮನೆಯಲ್ಲಿ ಅದನ್ನು ತಡೆಯೆಂದು ಹೇಳುವುದು ಕ್ರೌರ್ಯವಾದೀತು. ಆದರೆ ಬೆಂಕಿಗಿಡುವ ಮುನ್ನ ಅದರ ಒಂದು ಚಿತ್ರ, ಅದರ ಹೆಸರು, ಮಾಡಿದ ಕೈಯ ಹೆಸರು, ತೊಟ್ಟವಳ ಹೆಸರು ಇಷ್ಟನ್ನು ಮನೆಯ ಪುಸ್ತಕದಲ್ಲಿ ಬರೆದಿಡುವುದಕ್ಕೆ ಒಂದು ಗುಲಗಂಜಿ ಚಿನ್ನವೂ ಸವೆಯದು. ಚಿನ್ನವು ತನ್ನನ್ನು ತಾನು ಕಾಯ್ದುಕೊಳ್ಳಬಲ್ಲುದು. ನೆನಪನ್ನು ಮಾತ್ರ ಮನುಷ್ಯರೇ ಕಾಯಬೇಕು.