ಗಳಗಂಡವೂ ಉಪ್ಪೂ: ಒಂದು ವಿಳಂಬದ ಇತಿಹಾಸ

1833ರಲ್ಲಿ ಬೂಸಿಂಗೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಒಂದು ಸಲಹೆಯನ್ನು ಪ್ರಕಟಿಸಿದನು. ದಕ್ಷಿಣ ಅಮೆರಿಕದ ಆಂಟಿಯೋಕಿಯಾ ಸೀಮೆಯಲ್ಲಿ ಅವನು ಕೆಲವು ವರ್ಷಗಳನ್ನು ಕಳೆದಿದ್ದನು. ಅಲ್ಲಿಯ ಜನರು ಒಂದು ಬಗೆಯ ಬುಗ್ಗೆಯ ಉಪ್ಪನ್ನು ಗಳಗಂಡಕ್ಕೆ ಮದ್ದೆಂದು ಬಳಸುತ್ತಿದ್ದರು. ಪರೀಕ್ಷಿಸಿದಾಗ ಆ ಉಪ್ಪಿನಲ್ಲಿ ಅಯೋಡಿನ್ ಕಂಡುಬಂದಿತು. ಇಂತಹ ಉಪ್ಪನ್ನು ರೋಗವಿರುವ ಪ್ರದೇಶಗಳ ಜನರಿಗೆಲ್ಲ ಹಂಚಬಾರದೇಕೆ ಎಂಬುದೇ ಅವನ ಸಲಹೆ. ಸಲಹೆ ಸರಿಯಾದುದೇ ಆಗಿದ್ದಿತು. ಆದರೆ ಒಂದು ಸರಕಾರವು ತನ್ನ ಪ್ರಜೆಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನು ಬಾಳಿಕೆಯ ಕ್ರಮವಾಗಿ ಮಾರತೊಡಗಿದ್ದು 1922ರಲ್ಲಿ, ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಪ್ರಾಂತದಲ್ಲಿ. ನಮ್ಮ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ. ತಿಳಿವಿಗೂ ಊಟದ ತಟ್ಟೆಗೂ ನಡುವೆ ಉಳಿದ ಈ ದೀರ್ಘಕಾಲವನ್ನು ವಿವರಿಸಲು ಪ್ರಕೃತ ಲೇಖನದಲ್ಲಿ ಯತ್ನಿಸಿದ್ದೇವೆ.

ರೋಗವಾದರೋ ಹಳೆಯದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡದ ಲಕ್ಷಣಗಳನ್ನು ಬಣ್ಣಿಸಲಾಗಿದೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ಆಲ್ಪ್ಸ್ ಪರ್ವತವಾಸಿಗಳ ಊದಿದ ಕೊರಳಿಗೆ ಅವರು ಕುಡಿಯುವ ನೀರೇ ಕಾರಣವೆಂದು ಬರೆದನು. ಸಮುದ್ರದ ಸ್ಪಂಜನ್ನು ಸುಟ್ಟು ಬೂದಿಮಾಡಿ ತಿನ್ನಿಸುವ ಚಿಕಿತ್ಸೆ ಯೂರೋಪಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದಿತು. ಏಕೆ ಗುಣವಾಗುತ್ತದೆಂಬುದು ಮಾತ್ರ ಯಾರಿಗೂ ತಿಳಿಯದು.

ಅದು ತಿಳಿದುಬಂದದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ನನ ಸೈನ್ಯಕ್ಕೆ ಮದ್ದುಗುಂಡಿಗಾಗಿ ಪೆಟ್ಲುಪ್ಪು ಬೇಕಾಗಿದ್ದಿತು. ಅದರ ತಯಾರಿಕೆಯಲ್ಲಿ ತೊಡಗಿದ್ದ ಕೂರ್ತ್ವಾ ಎಂಬುವನು 1811ರಲ್ಲಿ ಕಡಲಪಾಚಿಯ ಬೂದಿಗೆ ಗಂಧಕಾಮ್ಲವನ್ನು ಹೆಚ್ಚಾಗಿ ಸುರಿದಾಗ ನೇರಿಳೆ ಬಣ್ಣದ ಆವಿ ಎದ್ದಿತು. ಗ್ರೀಕ್ ಭಾಷೆಯ ನೇರಿಳೆ ಬಣ್ಣದ ಹೆಸರಿನಿಂದಲೇ ಈ ಹೊಸ ಮೂಲವಸ್ತುವಿಗೆ ಅಯೋಡಿನ್ ಎಂಬ ಹೆಸರಾಯಿತು. ಜಿನೀವಾ ನಗರದ ವೈದ್ಯ ಕ್ವಾಂಡೆ, ಸ್ಪಂಜಿನ ಬೂದಿಯ ಗುಣವೂ ಇದರಿಂದಲೇ ಬಂದಿರಬೇಕೆಂದು ಊಹಿಸಿ, 1820ರಲ್ಲಿ ಅಯೋಡಿನ್ನನ್ನೇ ರೋಗಿಗಳಿಗೆ ಕೊಟ್ಟು ನೋಡಿದನು. ಗಂಡಗಳು ಕುಗ್ಗಿದವು.

ಇಲ್ಲಿಯೇ ಮೊದಲ ಎಡರು ಒದಗಿತು. ಕ್ವಾಂಡೆಯ ಪ್ರಮಾಣವು ದೇಹಕ್ಕೆ ನಿಜವಾಗಿ ಬೇಕಾದುದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿದ್ದಿತು. ಕೆಲವರಿಗೆ ಎದೆಬಡಿತ ಏರಿತು, ಕೈ ನಡುಗಿತು, ಮೈ ಸೊರಗಿತು. ವಯಸ್ಕನಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬಾಳುವವನ ಇಡೀ ಆಯುಷ್ಯದ ಅಯೋಡಿನ್ನೆಲ್ಲ ಕೂಡಿದರೂ ನಾಲ್ಕು ಗ್ರಾಮನ್ನು ಮೀರದು. ಇಷ್ಟು ಸೂಕ್ಷ್ಮವಾದ ಪ್ರಮಾಣವನ್ನು ಅಂದಿನ ವೈದ್ಯರು ಊಹಿಸುವುದೇ ಕಷ್ಟವಾಗಿದ್ದಿತು. 1850ರ ದಶಕದಲ್ಲಿ ಶಾತಾಂ ಎಂಬ ಫ್ರೆಂಚ್ ವಿದ್ವಾಂಸನು ಹಲವು ಪ್ರದೇಶಗಳ ನೀರು, ಮಣ್ಣು, ಗಾಳಿಗಳಲ್ಲಿ ಅಯೋಡಿನ್ನನ್ನು ಅಳೆದು, ಅದು ಕಡಿಮೆಯಾದೆಡೆ ರೋಗ ಹೆಚ್ಚೆಂದು ತೋರಿಸಿದನು. ಪ್ಯಾರಿಸ್ಸಿನ ವಿದ್ವತ್ಸಭೆ ಅವನ ಅಳತೆಗಳನ್ನು ಮೆಚ್ಚಿತು, ತೀರ್ಮಾನವನ್ನು ಒಪ್ಪಲಿಲ್ಲ. ವಿದ್ವತ್ಸಭೆಗಳ ಇತಿಹಾಸದಲ್ಲಿ ಇದೇನೂ ಅಪೂರ್ವವಾದ ಸಂಗತಿಯಲ್ಲ.

ಎರಡನೆಯ ಎಡರು ಬಂದದ್ದು ವಿಜ್ಞಾನದ ಮುನ್ನಡೆಯಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ರೋಗಾಣುವಾದವು ಗೆದ್ದುಬಂದಿದ್ದಿತು. ಪ್ರತಿಯೊಂದು ರೋಗಕ್ಕೂ ಒಂದು ಕ್ರಿಮಿಯನ್ನು ಹುಡುಕುವುದು ಪದ್ಧತಿಯಾಯಿತು. ಈ ವಾದದ ಅತ್ಯಂತ ಸಮರ್ಥ ಪ್ರತಿಪಾದಕನು ನಮ್ಮ ಉಪಖಂಡದಲ್ಲಿಯೇ ದುಡಿದವನು. ಇಂಡಿಯನ್ ಮೆಡಿಕಲ್ ಸರ್ವೀಸಿನ ರಾಬರ್ಟ್ ಮೆಕ್ಯಾರಿಸನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಿಲ್ಗಿಟ್ಟಿನಲ್ಲಿದ್ದಾಗ, ಒಂದೇ ಕಾಲುವೆಯ ನೀರನ್ನು ಒಂದರ ಕೆಳಗೊಂದಾಗಿ ಬಳಸುತ್ತಿದ್ದ ಹಳ್ಳಿಗಳನ್ನು ಪರಿಶೀಲಿಸಿದನು. ಕಾಲುವೆಯ ಕೆಳಗೆ ಹೋದಂತೆಲ್ಲ ನೀರಿನ ಹೊಲಸೂ ಹೆಚ್ಚು, ಗಳಗಂಡವೂ ಹೆಚ್ಚು. ಸೋಸಿ ಉಳಿದ ಮಡ್ಡಿಯನ್ನು ತಾನೂ ಸೇವಿಸಿ ಇತರ ಕೆಲವರಿಗೂ ಕೊಟ್ಟನು. ಕೆಲವರ ಕೊರಳು ಊದಿತು. ಮಡ್ಡಿಯನ್ನು ಕುದಿಸಿ ಕೊಟ್ಟವರಲ್ಲಿ ಊತವಾಗಲಿಲ್ಲ. ಹೀಗಿರಲು ಕ್ರಿಮಿಯೇ ಕಾರಣವೆಂದು ಅವನು ತೀರ್ಮಾನಿಸಿದ್ದು ಅಸಂಗತವೆನ್ನಲಾಗದು. ಅವನನ್ನು ಅವಜ್ಞೆಯಿಂದ ಕಾಣುವ ಕೆಲವು ಬರಹಗಾರರೊಡನೆ ನಮಗೆ ಸಹಮತವಿಲ್ಲ. ತನ್ನ ದೇಹವನ್ನೇ ಪಣವಾಗಿ ಒಡ್ಡಿದ ಈತನು ಮುಂದೆ ಕೂನೂರಿನಲ್ಲಿ ಆಹಾರಸಂಶೋಧನೆಗೆ ಅಡಿಪಾಯ ಹಾಕಿದನು. ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಆ ಪ್ರಯೋಗಶಾಲೆಯಿಂದಲೇ ಬೆಳೆದುದು.

ಈ ನಡುವೆ ಗ್ರಂಥಿಯ ಮೇಲಿನ ಸಂಶೋಧನೆ ಬೇರೊಂದು ದಾರಿಯಲ್ಲಿ ಸಾಗಿತ್ತು. ಬರ್ನ್ ನಗರದ ಶಸ್ತ್ರವೈದ್ಯ ಕೋಖರನು ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ಕತ್ತರಿಸಿ ತೆಗೆದ ತನ್ನ ರೋಗಿಗಳು ಕಾಲಕ್ರಮದಲ್ಲಿ ಮಂಕಾಗಿ, ಮುಖ ಊದಿ, ಜಡರಾಗುವುದನ್ನು ಗಮನಿಸಿ, 1883ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದನು. 1891ರಲ್ಲಿ ಇಂಗ್ಲೆಂಡಿನ ಮರ್ರೆ, ಕುರಿಯ ಥೈರಾಯ್ಡಿನ ರಸವನ್ನು ಅಂತಹ ಜಡತೆಯ ಒಬ್ಬ ರೋಗಿಗೆ ಚುಚ್ಚಿ ಚೇತರಿಸಿದನು. ಮರುವರ್ಷವೇ ಮತ್ತೊಬ್ಬ ವೈದ್ಯನು ಆ ಗ್ರಂಥಿಯನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಪಾಕದೊಡನೆ ತಿನ್ನಿಸಿ ಅದೇ ಫಲವನ್ನು ಪಡೆದನು. 1895ರಲ್ಲಿ ಬೌಮನ್ ಈ ಗ್ರಂಥಿಯಲ್ಲಿಯೇ ಅಯೋಡಿನ್ ಇದೆಯೆಂದು ಕಂಡಾಗ ಅವನಿಗೇ ನಂಬಿಕೆ ಬರಲಿಲ್ಲವಂತೆ. ಕೆಂಡಾಲನು 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಹರಳುರೂಪದಲ್ಲಿ ಬೇರ್ಪಡಿಸಿದನು. ಅಲ್ಲಿಗೆ ಕಾರ್ಯಕಾರಣಗಳ ಸರಪಳಿ ಕೂಡಿಕೊಂಡಿತು: ಅಯೋಡಿನ್ ಇಲ್ಲದೆ ಹಾರ್ಮೋನಿಲ್ಲ, ಹಾರ್ಮೋನ್ ಸಾಲದಾದಾಗ ಗ್ರಂಥಿಯು ಇದ್ದಷ್ಟು ಅಯೋಡಿನ್ನನ್ನು ಹಿಡಿಯಲು ಬೆಳೆಯುತ್ತದೆ, ಆ ಬೆಳವಣಿಗೆಯೇ ಗಳಗಂಡ.

ಉಳಿದದ್ದು ಜನಸಮುದಾಯದ ಮೇಲೆ ಪ್ರಮಾಣೀಕರಿಸುವ ಕೆಲಸ. 1917ರಿಂದ ಅಮೆರಿಕದ ಆಕ್ರನ್ ನಗರದಲ್ಲಿ ಮೆರೀನ್ ಮತ್ತು ಕಿಂಬಾಲ್ ಎಂಬಿಬ್ಬರು ಶಾಲಾಬಾಲಿಕೆಯರಿಗೆ ವರ್ಷಕ್ಕೆರಡು ಬಾರಿ ಅಯೋಡಿನ್ ಲವಣವನ್ನು ಕೊಟ್ಟರು. ಅದನ್ನು ತೆಗೆದುಕೊಂಡ 2190 ಮಂದಿಯಲ್ಲಿ 5 ಮಂದಿಗೆ ಮಾತ್ರ ಗ್ರಂಥಿ ಹಿಗ್ಗಿತು; ತೆಗೆದುಕೊಳ್ಳದ 2305 ಮಂದಿಯಲ್ಲಿ 495 ಮಂದಿಗೆ ಹಿಗ್ಗಿತು. ಆದರೆ ಶಾಲೆಯಲ್ಲಿ ಔಷಧವನ್ನು ಕುಡಿಸುವುದು ಒಂದು, ಮನೆಮನೆಯ ಒಲೆಗೆ ಅದನ್ನು ಮುಟ್ಟಿಸುವುದು ಮತ್ತೊಂದು. ಈ ಎರಡನೆಯದನ್ನು ಸಾಧಿಸಿದವರು ವಿಶ್ವವಿದ್ಯಾನಿಲಯದ ಆಚಾರ್ಯರಲ್ಲ, ಸ್ವಿಟ್ಜರ್ಲೆಂಡಿನ ಹಳ್ಳಿಗಾಡಿನ ವೈದ್ಯರು. ಹುಂಜಿಕರನು ಅಯೋಡಿನ್ನನ್ನು ಔಷಧವೆಂದಲ್ಲದೆ ಆಹಾರದ ಒಂದು ಅಂಗವೆಂದು ನೋಡಿದನು. ಅತ್ಯಲ್ಪ ಪ್ರಮಾಣವೇ ಸಾಕೆಂದು ವಾದಿಸಿದನು. ಬಾಯಾರನು 1918ರಲ್ಲಿ ವಾಲೇ ಪ್ರಾಂತದ ಒಂದು ಬೆಟ್ಟದ ಹಳ್ಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನು ಒಯ್ದು ಕುಟುಂಬಗಳಿಗೆ ಹಂಚಿ ಇದನ್ನು ಪರೀಕ್ಷಿಸಿದನು. ಎಗ್ಗೆನ್‌ಬರ್ಗರನು ಆಪ್ಪೆನ್‌ಝೆಲ್ ಪ್ರಾಂತದಲ್ಲಿ ಜನರ ಸಹಿ ಸಂಗ್ರಹಿಸಿ, 1922ರಲ್ಲಿ ಸರಕಾರದಿಂದ ಆ ಉಪ್ಪಿನ ಮಾರಾಟಕ್ಕೆ ಒಪ್ಪಿಗೆ ಪಡೆದನು. ಅದೇ ವರ್ಷ ರಾಷ್ಟ್ರೀಯ ಸಮಿತಿಯೂ ಅದನ್ನು ಶಿಫಾರಸು ಮಾಡಿತು. ಮೊದಲಿಗೆ ಬೆರೆಸಿದ್ದು ಒಂದು ಕಿಲೋ ಉಪ್ಪಿಗೆ ನಾಲ್ಕು ಮಿಲಿಗ್ರಾಂ ಮೀರದಷ್ಟು ಅಯೋಡಿನ್. ಉಪ್ಪು ಅಲ್ಲಿ ಪ್ರಾಂತ ಸರಕಾರಗಳ ಏಕಸ್ವಾಮ್ಯವಾಗಿದ್ದುದು ಈ ಕಾರ್ಯಕ್ಕೆ ಒದಗಿಬಂದಿತೆಂಬುದನ್ನು ಮರೆಯಬಾರದು.

ಉಪ್ಪಿನ ಏಕಸ್ವಾಮ್ಯವೆಂದೊಡನೆ ನಮ್ಮವರಿಗೆ ನೆನಪಾಗುವುದು ಬೇರೆಯೇ ಇತಿಹಾಸ. ಗಾಂಧೀಜಿಯವರು ದಂಡಿಯಲ್ಲಿ ಉಪ್ಪನ್ನು ಎತ್ತಿದ ಕೆಲವೇ ದಿನಗಳಲ್ಲಿ, 1930ರ ಏಪ್ರಿಲ್ ತಿಂಗಳಲ್ಲಿಯೇ, ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಉಪ್ಪಿನ ಮೇಲೆ ಸರಕಾರದ ಕೈ ಬಿದ್ದೊಡನೆ ಸಂಶಯಪಡುವ ಒಂದು ಮನೋಧರ್ಮ ಈ ನಾಡಿಗೆ ಆ ಹೋರಾಟದಿಂದ ಬಂದ ಬಳುವಳಿ. ಅಯೋಡಿನ್ ಉಪ್ಪಿನ ಭಾರತೀಯ ಚರಿತ್ರೆಯನ್ನು ಈ ಹಿನ್ನೆಲೆಯಿಲ್ಲದೆ ಅರಿಯಲಾಗದು.

ಸ್ವಾತಂತ್ರ್ಯಾನಂತರ, 1956ರಲ್ಲಿ, ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳನ್ನಾಗಿ ವಿಂಗಡಿಸಿದರು. ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು. ನಡುವಿನದಕ್ಕೆ ಬರಿಯ ಉಪ್ಪು. 1962ರ ವೇಳೆಗೆ ಮೊದಲೆರಡು ವಲಯಗಳ ಶಾಲಾಮಕ್ಕಳಲ್ಲಿ ರೋಗವು ಗಣನೀಯವಾಗಿ ಇಳಿದಿದ್ದಿತು, ಮೂರನೆಯದರಲ್ಲಿ ಇಳಿಯಲಿಲ್ಲ. ಅನಂತರ ಆ ವಲಯಕ್ಕೂ ಅಯೋಡಿನ್ ಉಪ್ಪನ್ನು ಕೊಡಲಾಯಿತು. ಆ ಆರು ವರ್ಷ ಬರಿಯ ಉಪ್ಪನ್ನು ತಿಂದ ಮಕ್ಕಳ ವಿಚಾರ ಈ ಪ್ರಯೋಗವನ್ನು ಕುರಿತು ಓದುವಾಗಲೆಲ್ಲ ನಮ್ಮನ್ನು ಕಾಡುತ್ತದೆ. ಫಲ ಮೊದಲೇ ಗೊತ್ತಿರಲಿಲ್ಲವೆ? ಸ್ವಿಟ್ಜರ್ಲೆಂಡಿನಲ್ಲಿ ಗೊತ್ತಿದ್ದಿತು, ನಮ್ಮ ನೆಲದಲ್ಲಿ, ನಮ್ಮ ಉಪ್ಪಿನಲ್ಲಿ, ನಮ್ಮ ಸರಕಾರವನ್ನು ಒಪ್ಪಿಸುವಷ್ಟರ ಮಟ್ಟಿಗೆ ಗೊತ್ತಿರಲಿಲ್ಲವೆಂದು ಹೇಳಬಹುದು. ಉತ್ತರವು ಪೂರ್ಣವಾಗಿ ಸಮಾಧಾನಕರವಲ್ಲ.

ರೋಗವು ಹಿಮಾಲಯದ್ದೆಂಬ ಭಾವನೆಯೂ ಮುಂದಿನ ಸಮೀಕ್ಷೆಗಳಿಂದ ಸಡಿಲವಾಯಿತು. ಬಯಲುಸೀಮೆಯಲ್ಲೂ ಕರಾವಳಿಯ ರಾಜ್ಯಗಳಲ್ಲೂ ಕೊರತೆ ಕಂಡುಬಂದುದರಿಂದ, ತಿನ್ನುವ ಉಪ್ಪನ್ನೆಲ್ಲ ಅಯೋಡೀಕರಿಸಬೇಕೆಂದು 1984ರಲ್ಲಿ ನಿರ್ಧರಿಸಲಾಯಿತು. ಕೊರಳಿನ ಊತಕ್ಕಿಂತ ಗರ್ಭಸ್ಥ ಶಿಶುವಿನ ಮಿದುಳಿಗಾಗುವ ಕೇಡು ದೊಡ್ಡದೆಂಬ ಅರಿವು ಬೆಳೆದುದರಿಂದ 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ ಗಳಗಂಡವೆಂಬ ಮಾತೇ ಹೋಗಿ ‘ಅಯೋಡಿನ್ ಕೊರತೆಯ ವಿಕಾರಗಳು’ ಎಂಬ ಮಾತು ಬಂದಿತು.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳನ್ನು ನೋಡಲು ನಾವು ವಿದ್ಯಾರ್ಥಿಗಳೊಡನೆ ಹೋಗಿದ್ದಾಗ, ಅಲ್ಲಿಯ ವೃದ್ಧರೊಬ್ಬರು, “ಕಡಲಿನಲ್ಲೇ ಅಯೋಡಿನ್ ಇದೆಯೆನ್ನುತ್ತೀರಿ, ಕಡಲಿನ ಉಪ್ಪಿಗೆ ಮತ್ತೆ ಬೆರೆಸುವುದೇಕೆ ಮಾಸ್ತರೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದು. ಕಡಲಪಾಚಿಯಲ್ಲೂ ಮೀನಿನಲ್ಲೂ ಅಯೋಡಿನ್ ಉಂಟು. ಆದರೆ ಆಗರದಲ್ಲಿ ಹರಳುಗಟ್ಟುವ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಮನೆಗೆ ತಲುಪಿದ ಉಪ್ಪಿನಲ್ಲಿ ಕಿಲೋಗೆ 15 ಮಿಲಿಗ್ರಾಂ ಇರಬೇಕೆಂಬುದು ನಮ್ಮ ಕಾನೂನಿನ ಅಳತೆ, ತಯಾರಾಗುವೆಡೆ 30. ಈ ಅಂತರವು ದಾರಿಯಲ್ಲಾಗುವ ನಷ್ಟಕ್ಕೆ ಬಿಟ್ಟದ್ದು. ನಮ್ಮ ಹಳೆಯ ಮನೆಗಳಲ್ಲಿ ಕಲ್ಲುಪ್ಪನ್ನು ಮರಿಗೆಯಲ್ಲಿ ನೀರೂರುವಂತೆ ಇಡುತ್ತಿದ್ದ ಪದ್ಧತಿಯಲ್ಲಿ ಬೆರೆಸಿದ ಅಯೋಡಿನ್ ಎಷ್ಟು ಉಳಿದೀತೆಂಬುದೂ ವಿಚಾರಾರ್ಹವೇ.

ಕೊರತೆಗೆ ಮದ್ದಾದುದು ಥೈರಾಯ್ಡಿನ ಎಲ್ಲ ವ್ಯಾಧಿಗಳಿಗೂ ಮದ್ದೆಂದು ಇಂದು ಹಲವರು ಬಗೆಯುತ್ತಾರೆ. ಪಾಚಿಯ ಮಾತ್ರೆಗಳನ್ನು ಕೊಂಡು ನುಂಗುತ್ತಾರೆ. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. 1912ರಲ್ಲಿ ಜಪಾನಿನ ಹಾಶಿಮೋಟೊ ವಿವರಿಸಿದ ವ್ಯಾಧಿಯಲ್ಲಿ ದೇಹವೇ ತನ್ನ ಗ್ರಂಥಿಯನ್ನು ಕೆಡಿಸುತ್ತದೆ. ಅಲ್ಲಿ ಕಡಿಮೆಬಿದ್ದ ಹಾರ್ಮೋನನ್ನು ಕೊಡಬೇಕಲ್ಲದೆ ಅಯೋಡಿನ್ನನ್ನಲ್ಲ. ಹೆಚ್ಚಿನ ಅಯೋಡಿನ್ ಅಂತಹವರಿಗೆ ಕೇಡನ್ನೇ ಮಾಡಬಹುದು. ಕಡಲಪಾಚಿಯನ್ನು ಯಥೇಚ್ಛವಾಗಿ ತಿನ್ನುವ ಹೊಕ್ಕೈಡೋ ತೀರದ ಜನರಲ್ಲಿ ಅಯೋಡಿನ್ನಿನ ಅತಿರೇಕದಿಂದಲೇ ಗಳಗಂಡವಾದುದು 1960ರ ದಶಕದಲ್ಲಿ ವರದಿಯಾಯಿತು. ಎಲೆಕೋಸಿನ ಕಥೆಯೂ ಹೀಗೆಯೇ. 1928ರಲ್ಲಿ ಅಮೆರಿಕದಲ್ಲಿ ಹೆಚ್ಚಾಗಿ ಕೋಸನ್ನೇ ತಿಂದ ಮೊಲಗಳಿಗೆ ಗಂಡವಾಯಿತೆಂಬುದು ನಿಜ. ಅಯೋಡಿನ್ ಸಾಕಷ್ಟಿರುವ ಮನೆಯಲ್ಲಿ ಬೇಯಿಸಿದ ಕೋಸಿನ ಪಲ್ಯಕ್ಕೆ ಅಂಜಬೇಕಾದುದಿಲ್ಲ.

ಕಾನೂನಿನ ಕಡೆ ವಿವಾದ ನಿಲ್ಲಲಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದೆಂದು 1997ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಷೇಧವನ್ನು 2000ದಲ್ಲಿ ಹಿಂತೆಗೆಯಲಾಯಿತು. ಸಣ್ಣ ಉತ್ಪಾದಕರ ಅಳಲೂ, ತಿನ್ನುವುದನ್ನು ಸರಕಾರ ಬಲವಂತಪಡಿಸಬಾರದೆಂಬ ವಾದವೂ ಆಗ ಮುಂದೆ ಬಂದಿದ್ದವು. 2006ರಲ್ಲಿ ನಿಷೇಧ ಮರಳಿ ಜಾರಿಗೆ ಬಂದಿತು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಲಬೆರಕೆಯನ್ನು ತಡೆಯಲೆಂದು ಮಾಡಿದ ಕಾಯಿದೆಯ ಅಡಿಯಲ್ಲಿ ಹಾನಿಕರವಲ್ಲದ ಬರಿಯ ಉಪ್ಪನ್ನು ನಿಷೇಧಿಸಲು ಬಾರದೆಂದು ತೀರ್ಪಿತ್ತಿತು. ಆದರೆ ಜನಾರೋಗ್ಯವನ್ನು ಗಮನಿಸಿ, ಸರಕಾರವು ತಕ್ಕ ಕಾನೂನನ್ನು ರೂಪಿಸಿಕೊಳ್ಳಲೆಂದು ನಿಷೇಧವನ್ನು ಆರು ತಿಂಗಳು ಮುಂದುವರಿಸಿತು. ಅನಂತರ ಹೊಸ ಆಹಾರಸುರಕ್ಷತಾ ಕಾಯಿದೆಯ ನಿಯಮಗಳಲ್ಲಿ ಅದು ನೆಲೆಗೊಂಡಿತು.