ವಾಷಿಂಗ್‌ಟನ್ನಿನ ಇಂಜೆರಾ

1974ರ ಸೆಪ್ಟೆಂಬರಿನಲ್ಲಿ ಸಾಮ್ರಾಟ ಹೈಲೆ ಸೆಲಾಸಿಯನ್ನು ಸಿಂಹಾಸನದಿಂದಿಳಿಸಿ ಅಧಿಕಾರಕ್ಕೆ ಬಂದ ಸೈನಿಕ ಮಂಡಲಿಯ ಕ್ರೌರ್ಯಕ್ಕೆ ಅಂಜಿ ಇಥಿಯೋಪಿಯವನ್ನು ತೊರೆದವರೂ, ವಿದ್ಯಾರ್ಜನೆಗೆಂದು ಮೊದಲೇ ಬಂದಿದ್ದು ಹಿಂದಿರುಗುವ ದಾರಿ ಕಾಣದಾದ ತರುಣರೂ ಅಮೆರಿಕದ ರಾಜಧಾನಿಯಲ್ಲಿ ಒಟ್ಟುಗೂಡಿದಾಗ, ಅವರ ಹಸಿವನ್ನರಿತು ಹುಟ್ಟಿಕೊಂಡವು ಅಲ್ಲಿನ ಇಥಿಯೋಪಿಯನ್ ಊಟದ ಮನೆಗಳು. 1978ರಲ್ಲಿ ಜಾರ್ಜಿಯಾ ಅವೆನ್ಯೂದಲ್ಲಿ ತೆರೆದ ‘ಮಾಮಾ ದೆಸ್ತಾ’ ಅವುಗಳಲ್ಲಿ ಮೊದಮೊದಲಿನದು. 1980ರ ನಿರಾಶ್ರಿತರ ಶಾಸನದ ತರುವಾಯ ಜನವೂ ಅಂಗಡಿಗಳೂ ಹೆಚ್ಚಿ, ಆಡಮ್ಸ್ ಮಾರ್ಗನ್ ಎಂಬ ಬಡಾವಣೆಯ 18ನೆಯ ಬೀದಿ ಅವಕ್ಕೆ ನೆಲೆಯಾಯಿತು. ಬಿಳಿಯರ ಮಕ್ಕಳದೊಂದು, ಕರಿಯರ ಮಕ್ಕಳದೊಂದು, ಹೀಗೆ ಪ್ರತ್ಯೇಕವಾಗಿದ್ದ ಎರಡು ಶಾಲೆಗಳ ಹೆಸರನ್ನು ಕೂಡಿಸಿ ಆದ ಹೆಸರು ಆ ಬಡಾವಣೆಯದು.

ಆ ಊಟಕ್ಕೆ ಆಧಾರವಾದ, ಹುಳಿಹಿಟ್ಟಿನ ದೋಸೆಯಂಥ ಇಂಜೆರಾ ಮಾಡುವ ಕ್ರಮ ತಾಳ್ಮೆಯನ್ನು ಬೇಡುವಂಥದು. ಗಸಗಸೆಯಷ್ಟು ಸಣ್ಣ ಕಾಳಿನ ಟೆಫ್ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ತಿಳಿಯನ್ನು ಹೆಪ್ಪಿನಂತೆ ಬೆರೆಸಿ, ಎರಡು ಮೂರು ದಿನ ಹುಳಿಯಲು ಬಿಟ್ಟು, ‘ಮಿತಾದ್’ ಎಂಬ ಅಗಲವಾದ ಕಾವಲಿಯ ಮೇಲೆ ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಹೊಯ್ದು, ಮುಚ್ಚಿ, ಮಗುಚದೆ ಬೇಯಿಸಿದರೆ ಮೇಲ್ಮೈಯೆಲ್ಲ ಕಣ್ಣುಕಣ್ಣಾಗಿ ಅರಳುತ್ತದೆ. ಟೆಫ್ ದುರ್ಲಭವಾಗಿದ್ದ ಆರಂಭದ ವರ್ಷಗಳಲ್ಲಿ ಗೋಧಿ, ಜವೆಗೋಧಿಗಳ ಹಿಟ್ಟಿನಿಂದಲೇ ಕಾಲ ಕಳೆದು, ಐಡಹೊ ಪ್ರಾಂತ್ಯದಲ್ಲಿ ಅದರ ಬೆಳೆ ಕೈಗೂಡಿದ ಮೇಲೆಯೇ ಆ ಅಡುಗೆಯವರಿಗೆ ಹಳೆಯ ರುಚಿ ಮರಳಿತು. ನಮ್ಮ ರಾಗಿಯ ಮೂಲವನ್ನೂ ಸಸ್ಯಶಾಸ್ತ್ರಜ್ಞರು ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿಯೇ ಗುರುತಿಸಿರುವುದರಿಂದ, ಕನ್ನಡಿಗನಿಗೆ ಟೆಫ್ ದೂರದ ದಾಯಾದಿಯೆನ್ನಲು ಅಡ್ಡಿಯಿಲ್ಲ.

ದೊಡ್ಡದೊಂದು ತಟ್ಟೆಯಲ್ಲಿ ಇಂಜೆರಾ ಹಾಸಿ, ಅದರ ಮೇಲೆ ಬೆರ್ಬೆರೆ ಮಸಾಲೆಯ ಕೋಳಿಯ ಸಾರನ್ನೋ, ಬುಧವಾರ ಶುಕ್ರವಾರಗಳಲ್ಲಿಯೂ ದೀರ್ಘವಾದ ವ್ರತಕಾಲಗಳಲ್ಲಿಯೂ ಮಾಂಸ, ಹಾಲು, ತುಪ್ಪ ವರ್ಜ್ಯವೆಂಬ ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚಿನ ವಿಧಿಯಂತೆ ಬೇಳೆ, ಕಡಲೆಹಿಟ್ಟು, ಸೊಪ್ಪು, ಕೋಸುಗಳ ಪದಾರ್ಥಗಳನ್ನೋ ಬಡಿಸುತ್ತಾರೆ. ಸುತ್ತ ಕುಳಿತವರೆಲ್ಲರೂ ಬಲಗೈಯಿಂದ ಹರಿದು, ಅದ್ದಿ ತಿನ್ನುವರು; ಪ್ರೀತಿಯುಳ್ಳವರು ತುತ್ತುಮಾಡಿ ಪಕ್ಕದವರ ಬಾಯಿಗಿಡುವರು. ‘ಗುರ್ಶಾ’ ಎಂಬ ಈ ಕೈತುತ್ತನ್ನು ನಾನು ಆ ಭೋಜನದ ಜೀವವೆಂದೇ ಎಣಿಸುತ್ತೇನೆ. ಆ ಮನೆಗಳ ಮೊದಲ ಗಿರಾಕಿಗಳು ಸ್ವದೇಶೀಯರಾದ ಟ್ಯಾಕ್ಸಿ ಚಾಲಕರು, ವಿದ್ಯಾರ್ಥಿಗಳು, ಕೂಲಿಯವರಾಗಿದ್ದುದರಿಂದ, ಪರರ ಅಭಿರುಚಿಗಾಗಿ ಪಂಕ್ತಿಯ ನಿಯಮವನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ಮುಳ್ಳುಚಮಚಕ್ಕೆ ಒಗ್ಗಿದ್ದ ನಗರವೇ ಕೈಯಲ್ಲಿ ಉಣ್ಣುವುದನ್ನು ಕಲಿಯಬೇಕಾಯಿತು. ಇದು ಆ ಬಡವರ ದೊಡ್ಡ ಗೆಲುವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಡಮ್ಸ್ ಮಾರ್ಗನ್ನಿನಲ್ಲಿ ಬಾಡಿಗೆ ಏರಿದಂತೆ ಅಂಗಡಿಗಳು ಯು ಬೀದಿಯ ಕಡೆಗೆ ಸರಿದವು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯ ನಂತರದ ದಂಗೆಯಲ್ಲಿ ಬೆಂದು ಪಾಳುಬಿದ್ದಿದ್ದ ಕಟ್ಟಡಗಳಲ್ಲಿ ಮತ್ತೆ ದೀಪ ಹಚ್ಚಿದವರಲ್ಲಿ ಇವರೂ ಸೇರಿದ್ದರು. ಆದರೆ ಅಲ್ಲಿಗೆ ‘ಲಿಟಲ್ ಇಥಿಯೋಪಿಯ’ ಎಂದು ಹೆಸರಿಡಬೇಕೆಂಬ ಸೂಚನೆ ಬಂದಾಗ, ಡ್ಯೂಕ್ ಎಲಿಂಗ್ಟನ್ನನಂಥ ಸಂಗೀತಗಾರರನ್ನು ಬೆಳೆಸಿದ ಆ ಬೀದಿಯ ಹಳೆಯ ಕರಿಯ ನಿವಾಸಿಗಳು ತಮ್ಮ ಚರಿತ್ರೆ ಅಳಿಸಿಹೋದೀತೆಂದು ಆಕ್ಷೇಪಿಸಿದರು. ಆ ಆತಂಕ ನ್ಯಾಯವಾದುದೇ. ಲಾಸ್ ಏಂಜಲೀಸಿನ ಫೇರ್‌ಫ್ಯಾಕ್ಸ್ ಅವೆನ್ಯೂಗೆ 2002ರಲ್ಲಿ ದೊರೆತ ಅಂತಹ ಅಧಿಕೃತ ನಾಮ ಇಲ್ಲಿ ಆಗ ದೊರೆಯಲಿಲ್ಲ. ಮುಂದೆ ಯು ಬೀದಿಯಲ್ಲಿಯೂ ಬಾಡಿಗೆ ಏರಿ, ಕಾವಲಿಗಳು ನಗರದಾಚೆಯ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಗಳತ್ತ ಹೊರಟವು.